ಚಿತ್ರ ನೋಡಿ ಊರು ಹೇಳುವುದು

ಒಂದು ಹಳೆಯ ಛಾಯಾಚಿತ್ರವನ್ನು ನಾಲ್ಕು ಜನರ ನಡುವೆ ಇಟ್ಟು ನೋಡಿ. ಅದರಲ್ಲಿ ಮನುಷ್ಯರಿದ್ದರೆ ಮೊದಲು ಹುಟ್ಟುವ ಪ್ರಶ್ನೆ ‘ಇವರು ಯಾರು?’ ಎಂಬುದು. ಮನುಷ್ಯರಿಲ್ಲದೆ ಒಂದು ಗುಡಿಯೋ, ಗೋಪುರವೋ, ಎತ್ತರದ ಪೀಠದ ಮೇಲೆ ನಿಂತ ಪ್ರತಿಮೆಯೋ ಇದ್ದರೆ ಆಗ ಹುಟ್ಟುವ ಪ್ರಶ್ನೆ ‘ಇದು ಎಲ್ಲಿಯದು?’ ಎಂಬುದು. ಒಬ್ಬರು ಬೇಲೂರು ಎನ್ನುತ್ತಾರೆ. ಇನ್ನೊಬ್ಬರು ಅಲ್ಲ, ಹಳೇಬೀಡು ಎನ್ನುತ್ತಾರೆ. ಮೂರನೆಯವರು ಕನ್ನಡಕ ಸರಿಪಡಿಸಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿಯುತ್ತಾರೆ. ನಾಲ್ಕನೆಯವರು ತಾವು ಅಲ್ಲಿಗೆ ಹೋಗಿದ್ದಾಗ ಕಂಡದ್ದೇ ಬೇರೆ ಎಂದು ವಾದಕ್ಕೆ ನಿಲ್ಲುತ್ತಾರೆ. ಕ್ಷೌರದಂಗಡಿಯ ಕ್ಯಾಲೆಂಡರಿನ ಮುಂದೆಯೂ, ವಾರಪತ್ರಿಕೆಯ ಒಗಟಿನ ಅಂಕಣದ ಮುಂದೆಯೂ ಈ ಆಟ ಬಹುಕಾಲದಿಂದ ನಡೆದುಬಂದಿದೆ. ಹೊತ್ತು ಕಳೆಯುವುದಕ್ಕೆ ಇದೊಂದು ನಿರಪಾಯವಾದ ಆಟ. ಆದರೆ ಇದು ಬರಿಯ ಆಟವಲ್ಲ, ಇದಕ್ಕೊಂದು ಶಿಸ್ತು ಇದೆ. ಆ ಶಿಸ್ತಿನಿಂದ ಎಷ್ಟೋ ವೇಳೆ ಕಳೆದುಹೋದದ್ದು ಮರಳಿ ದೊರೆತಿದೆ ಎಂಬುದನ್ನು ಶ್ರೋತೃಗಳ ಮುಂದೆ ಇಡಬೇಕೆಂಬುದು ಈ ಭಾಷಣದ ಉದ್ದೇಶ.

ಮೊದಲನೆಯ ಪಾಠವೆಂದರೆ, ಚಿತ್ರದ ನಡುವೆ ನಿಂತಿರುವ ಮುಖ್ಯ ವಸ್ತುವೇ ಅನೇಕ ವೇಳೆ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು. ಗೊಮ್ಮಟನ ಮೂರ್ತಿಯನ್ನೇ ತೆಗೆದುಕೊಳ್ಳೋಣ. ದಿಗಂಬರನಾಗಿ, ಕೈಗಳನ್ನು ಇಳಿಬಿಟ್ಟು, ಮೈಗೆ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿಯ ಚಿತ್ರವನ್ನು ಕಂಡೊಡನೆ ನಮ್ಮ ಬಾಯಲ್ಲಿ ಬರುವ ಹೆಸರು ಶ್ರವಣಬೆಳಗೊಳ. ಆದರೆ ಕಾರ್ಕಳದಲ್ಲಿ ೧೪೩೨ರಲ್ಲಿ ನಿಲ್ಲಿಸಿದ, ೪೨ ಅಡಿ ಎತ್ತರದ ಗೊಮ್ಮಟನಿದ್ದಾನೆ. ವೇಣೂರಿನಲ್ಲಿ ೧೬೦೪ರಲ್ಲಿ ನಿಲ್ಲಿಸಿದ, ೩೫ ಅಡಿಯವನಿದ್ದಾನೆ. ಧರ್ಮಸ್ಥಳದಲ್ಲಿ ೩೯ ಅಡಿಯವನಿದ್ದಾನೆ. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದ ಆ ಮೂರ್ತಿಯ ಪ್ರತಿಷ್ಠೆಯಾದದ್ದು ೧೯೮೨ರಲ್ಲಿ. ಎಲ್ಲರ ನಿಲುವೂ ಒಂದೇ, ಎಲ್ಲರ ಮೌನವೂ ಒಂದೇ. ಮೂರ್ತಿಯನ್ನು ಮಾತ್ರ ನೋಡುತ್ತ ಕುಳಿತರೆ ನಿರ್ಣಯ ಕಷ್ಟ. ಕಣ್ಣನ್ನು ಸ್ವಲ್ಪ ಆಚೀಚೆ ಹರಿಸಿದರೆ ದಾರಿ ತೆರೆಯುತ್ತದೆ. ಶ್ರವಣಬೆಳಗೊಳದ ಮೂರ್ತಿಯ ಕಾಲುಗಳ ಎರಡೂ ಬದಿಯಲ್ಲಿ ಹುತ್ತಗಳಿವೆ, ಅವುಗಳಿಂದ ಹಾವುಗಳು ಹೊರಗೆ ಇಣುಕುತ್ತಿವೆ. ಮೂರ್ತಿಯ ಸುತ್ತ ಕಂಬಸಾಲಿನ ಕೈಸಾಲೆಯಿದೆ. ಕಾರ್ಕಳದವನು ಬೋಳು ಬಂಡೆಯ ಬೆಟ್ಟದ ಮೇಲೆ ಹೆಚ್ಚು ಬಯಲಾಗಿ ನಿಂತಿದ್ದಾನೆ. ಅವನ ಹಿಂದೆ ಆಕಾಶವೇ ಆಕಾಶ. ವೇಣೂರಿನವನು ಫಲ್ಗುಣಿ ನದಿಯ ಬಳಿಯ ಸಮನೆಲದಲ್ಲಿದ್ದಾನೆ. ಅವನ ಕೆನ್ನೆಯಲ್ಲಿ ಒಂದು ಗುಳಿ, ಮುಖದಲ್ಲಿ ಅಡಗಿಸಿಟ್ಟ ನಗೆ. ಚಿತ್ರ ಎಪ್ಪತ್ತು ವರ್ಷ ಹಳೆಯದೆಂದು ಖಚಿತವಾದರೆ ಅದು ಧರ್ಮಸ್ಥಳದ್ದಾಗಿರಲು ಸಾಧ್ಯವಿಲ್ಲ. ಹೀಗೆ ಒಂದೊಂದನ್ನೇ ಕಳೆಯುತ್ತ ಹೋಗಿ, ಕಡೆಗೆ ಉಳಿದದ್ದನ್ನು ಒಪ್ಪಿಕೊಳ್ಳಬೇಕು. ಈ ವಿದ್ಯೆಯಲ್ಲಿ ‘ಇದು ಇಂಥದು’ ಎಂದು ಹೇಳುವುದಕ್ಕಿಂತ ‘ಇದು ಇಂಥದಲ್ಲ’ ಎಂದು ಹೇಳುವುದರಿಂದಲೇ ಹೆಚ್ಚು ದೂರ ಸಾಗುತ್ತೇವೆ.

ಹೊಯ್ಸಳ ಗುಡಿಗಳ ವಿಚಾರವೂ ಹೀಗೆಯೇ. ನಕ್ಷತ್ರಾಕಾರದ ಜಗತಿ, ಗೋಡೆಯ ಮೇಲೆ ಆನೆ ಕುದುರೆಗಳ ಸಾಲು, ಕಡೆದ ದುಂಡುಕಂಬ, ಇಷ್ಟನ್ನು ಕಂಡು ಬೇಲೂರು ಎಂದುಬಿಡುವುದು ಅವಸರದ ತೀರ್ಮಾನ. ತಲೆಯೆತ್ತಿ ನೋಡಬೇಕು. ಮೂರು ಶಿಖರಗಳು ಕೆಡದೆ ನಿಂತಿದ್ದು, ಸುತ್ತಲೂ ಕೈಸಾಲೆಯ ಅಂಗಳವಿದ್ದರೆ ಅದು ೧೨೬೮ರ ಸೋಮನಾಥಪುರವಾಗಿರಬಹುದು. ಬೇಲೂರಿನ ಚೆನ್ನಕೇಶವನಿಗೂ ಹಳೇಬೀಡಿನ ಹೊಯ್ಸಳೇಶ್ವರನಿಗೂ ಈಗ ಶಿಖರವಿಲ್ಲ. ಗುಡಿಯ ಎದುರಿಗೆ ಎರಡು ನಂದಿಮಂಟಪಗಳಿದ್ದರೆ ಅದು ಜೋಡಿ ಶಿವಾಲಯ, ಆದ್ದರಿಂದ ಹಳೇಬೀಡು. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರ ಸಾಲು, ಹತ್ತಿರದಲ್ಲೇ ಎತ್ತರದ ಗೋಪುರ ಇದ್ದರೆ ಬೇಲೂರು. ಈ ಮೂರು ಊರುಗಳ ಗುಡಿಗಳೂ ೨೦೨೩ರಲ್ಲಿ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿಯಲ್ಲಿ ಒಂದಾದ ಮಾತ್ರಕ್ಕೆ ಅವುಗಳ ಮುಖ ಒಂದಾಗಲಿಲ್ಲ.

ಉತ್ತರದ ಕಡೆಯಿಂದ ಒಂದು ಉದಾಹರಣೆ. ಬಿಳಿಯ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರುಗಳು, ಮುಂದೆ ನೀರಿನ ಕಾಲುವೆ. ಇಷ್ಟಿದ್ದರೆ ತಾಜಮಹಲು ಎನ್ನದವರಾರು? ಆದರೆ ಹಿಂದೆ ಔರಂಗಾಬಾದ್ ಎನ್ನುತ್ತಿದ್ದ, ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ ಬೀಬೀ ಕಾ ಮಕ್ಬರಾ ಇದೆ. ಔರಂಗಜೇಬನ ಪತ್ನಿ ದಿಲ್‌ರಸ್ ಬಾನು ಬೇಗಮಳ ಸಮಾಧಿ ಅದು. ಅಲ್ಲಿಯ ಮಿನಾರುಗಳು ಕಟ್ಟಡಕ್ಕೆ ಹೆಚ್ಚು ಒತ್ತಿಕೊಂಡು ನಿಂತಂತೆ ಕಾಣುತ್ತವೆ. ಗೋಡೆಯ ಬಹುಭಾಗ ಅಮೃತಶಿಲೆಯಲ್ಲ, ಗಾರೆ. ಇದಾವುದೂ ಚಿತ್ರದಲ್ಲಿ ಸ್ಪಷ್ಟವಾಗದಿದ್ದರೆ ಕಟ್ಟಡವನ್ನು ಬಿಟ್ಟು ಅದರ ಬೆನ್ನ ಹಿಂದೆ ನೋಡಬೇಕು. ತಾಜಮಹಲಿನ ಹಿಂದೆ ಹರಿಯುವುದು ಯಮುನೆ. ತೋಟದ ಕಡೆಯಿಂದ ನೋಡುವವನಿಗೆ ಆ ದಿಕ್ಕಿನಲ್ಲಿ ಬರಿಯ ಬಾನು. ಮಕ್ಬರಾದ ಹಿಂದೆ ಗುಡ್ಡಗಳು ಕಾಣುತ್ತವೆ. ಕಟ್ಟಡವನ್ನು ಅನುಕರಿಸಬಹುದು, ಬೆನ್ನ ಹಿಂದಿನ ಬಾನನ್ನು ಹೊತ್ತು ತರುವ ಶಿಲ್ಪಿ ಇನ್ನೂ ಹುಟ್ಟಿಲ್ಲ.

ಎರಡನೆಯ ಪಾಠ ಕಲ್ಲಿನದು. ಕಪ್ಪುಬಿಳುಪಿನ ಚಿತ್ರದಲ್ಲಿ ಬಣ್ಣ ಕಾಣದಿದ್ದರೂ ಕಲ್ಲಿನ ಸ್ವಭಾವ ಕಾಣುತ್ತದೆ. ಬಳಪದ ಕಲ್ಲು ಮೆತ್ತಗಿನದು. ಅದರಲ್ಲಿ ಒಡವೆಯ ಮಣಿಮಣಿಯನ್ನೂ ಬಿಡಿಸಬಹುದು. ಹೊಯ್ಸಳ ಶಿಲ್ಪಿಯ ಕೈಚಳಕಕ್ಕೆ ಆ ಕಲ್ಲಿನ ಔದಾರ್ಯವೂ ಒಂದು ಕಾರಣ. ತುಂಗಭದ್ರೆಯ ದಡದ ಕಗ್ಗಲ್ಲು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಅಲ್ಲಿ ಶಿಲ್ಪದ ರೇಖೆಗಳು ದೊಡ್ಡವು, ದೃಢವಾದವು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲಿನಲ್ಲಿ ಪದರ ಪದರವಾಗಿ ಸವೆದ ಗುರುತು ಉಳಿಯುತ್ತದೆ. ಹೀಗೆ ಶಿಲ್ಪಿ ಹೇಳದೆ ಬಿಟ್ಟ ಊರಿನ ಹೆಸರನ್ನು ಕಲ್ಲು ಹೇಳಿಬಿಡುತ್ತದೆ.

ಮೂರನೆಯದು ಬಿಸಿಲು. ಛಾಯಾಚಿತ್ರವೆಂಬ ಮಾತಿನಲ್ಲೇ ನೆರಳಿದೆ. ಆ ನೆರಳನ್ನು ಓದಲು ಕಲಿತವನಿಗೆ ದಿಕ್ಕು, ಹೊತ್ತು, ಕೆಲವು ಸಲ ಋತು ಸಹ ತಿಳಿಯುತ್ತದೆ. ಶ್ರವಣಬೆಳಗೊಳದ ಗೊಮ್ಮಟ ಉತ್ತರಾಭಿಮುಖ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ನಮ್ಮ ನಾಡಿನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಆ ಕಾಲದಲ್ಲಿ ಉತ್ತರಕ್ಕೆ ತಿರುಗಿದ ಮುಖದ ಮೇಲೆ ನೇರ ಬಿಸಿಲು ಬೀಳುವುದಿಲ್ಲ. ಏಪ್ರಿಲ್ ಕೊನೆಯ ಹೊತ್ತಿನಿಂದ ಆಗಸ್ಟ್ ನಡುಭಾಗ ದಾಟುವವರೆಗೆ ಮಾತ್ರ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರದ ಕಡೆಗೆ ಬರುತ್ತಾನೆ. ಆದುದರಿಂದ ಗೊಮ್ಮಟನ ಎದೆಯ ಮೇಲೆ ಸ್ವಚ್ಛವಾದ ಬಿಸಿಲು ಬಿದ್ದಿರುವ ಚಿತ್ರವೊಂದನ್ನು ತೋರಿಸಿ ಯಾರಾದರೂ ‘ಇದು ಫೆಬ್ರವರಿಯ ಮಹಾಮಸ್ತಕಾಭಿಷೇಕದ ದಿನ ತೆಗೆದದ್ದು’ ಎಂದರೆ ನಾವು ವಿನಯದಿಂದಲೇ ತಲೆಯಾಡಿಸಬೇಕು. ೧೯೮೧ರಲ್ಲಿ, ೨೦೦೬ರಲ್ಲಿ, ೨೦೧೮ರಲ್ಲಿ ಆ ಉತ್ಸವ ನಡೆದದ್ದು ಫೆಬ್ರವರಿ ತಿಂಗಳಲ್ಲೇ ನಿಜ. ಆದರೆ ಆ ತಿಂಗಳ ಸೂರ್ಯ ಸ್ವಾಮಿಯ ಬೆನ್ನಿಗೆ ಮಾತ್ರ ಬಿಸಿಲು ಕಾಯಿಸುತ್ತಾನೆ.

ಇನ್ನೊಂದು ತೊಡಕುಂಟು. ಹಳೆಯ ನೆಗೆಟಿವನ್ನು ತಿರುವುಮುರುವಾಗಿ ಇಟ್ಟು ಅಚ್ಚು ಹಾಕಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಕ್ಷರಗಳಿದ್ದರೆ ಕೂಡಲೇ ಗೊತ್ತಾಗುತ್ತದೆ. ಅಕ್ಷರಗಳಿಲ್ಲದಾಗ ದೇವರ ಮೈಯನ್ನೇ ನೋಡಬೇಕು. ಯಜ್ಞೋಪವೀತ ಎಡಹೆಗಲಿನಿಂದ ಇಳಿಯಬೇಕಲ್ಲವೆ? ನಟರಾಜ ಎತ್ತಿದ ಪಾದ ಎಡಪಾದ. ಬಲಪಾದ ಅಪಸ್ಮಾರನ ಬೆನ್ನ ಮೇಲೆ. ಚಿತ್ರದಲ್ಲಿ ಬಲಪಾದ ಮೇಲೆದ್ದಿದ್ದರೆ ಅಚ್ಚು ಹಾಕಿದವರು ನೆಗೆಟಿವನ್ನು ಮಗುಚಿದ್ದಾರೆಂದು ಊಹಿಸುವುದು ಸಹಜ. ಆದರೆ ತಾಳಿ, ಮಧುರೆಯ ಮೀನಾಕ್ಷಿ ಗುಡಿಯ ವೆಳ್ಳಿಯಂಬಲದ ನಟರಾಜ ನಿಜವಾಗಿಯೂ ಬಲಪಾದವನ್ನೇ ಎತ್ತಿ ಕುಣಿಯುತ್ತಾನೆ! ಒಂದು ನಿಯಮವನ್ನು ಕಲಿತವನು ಅದರ ಅಪವಾದವನ್ನೂ ಕಲಿಯುವವರೆಗೆ ಬಾಯಿ ಬಿಗಿಹಿಡಿಯುವುದು ಒಳ್ಳೆಯದು.

ಇಲ್ಲಿಯವರೆಗೆ ಸ್ಥಾವರದ ಮಾತಾಯಿತು. ಪ್ರತಿಮೆಗಳು ಸ್ಥಾವರವೆಂದು ನಾವು ನಂಬಿದ್ದೇವೆ. ಆದರೆ ಅವು ಸಹ ಊರೂರು ತಿರುಗುತ್ತವೆ. ದೆಹಲಿಯ ಇಂಡಿಯಾ ಗೇಟಿನ ಬಳಿಯ ಕಲ್ಲಿನ ಛತ್ರಿಯ ಕೆಳಗೆ ಐದನೆಯ ಜಾರ್ಜ್ ದೊರೆಯ ಪ್ರತಿಮೆಯಿತ್ತು. ೧೯೬೮ರಲ್ಲಿ ಅದನ್ನು ಅಲ್ಲಿಂದ ತೆಗೆದರು. ಈಗ ಅದು ಕಾರೊನೇಷನ್ ಪಾರ್ಕಿನಲ್ಲಿದೆ. ಬಳಿಕ ಅರ್ಧ ಶತಮಾನಕ್ಕೂ ಮಿಕ್ಕಿ ಆ ಛತ್ರಿ ಬರಿದಾಗಿತ್ತು. ೨೦೨೨ರ ಸೆಪ್ಟೆಂಬರಿನಲ್ಲಿ ನೇತಾಜಿ ಸುಭಾಷಚಂದ್ರ ಬೋಸರ ೨೮ ಅಡಿಯ ಕಪ್ಪು ಶಿಲೆಯ ಪ್ರತಿಮೆ ಅಲ್ಲಿ ನಿಂತಿತು. ಅದನ್ನು ಕಡೆದ ತಂಡದ ಮುಂದಾಳು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್. ಅಂದಮೇಲೆ ಆ ಛತ್ರಿ ಒಂದು ಗಡಿಯಾರದಂತೆ ಕೆಲಸ ಮಾಡುತ್ತದೆ. ದೊರೆ ಇದ್ದರೆ ಒಂದು ಕಾಲ, ಯಾರೂ ಇಲ್ಲದಿದ್ದರೆ ಇನ್ನೊಂದು ಕಾಲ, ನೇತಾಜಿ ಇದ್ದರೆ ನಮ್ಮ ಕಾಲ. ಬೆಂಗಳೂರಿನಲ್ಲಿಯೂ ಇಂಥದೇ ಗುರುತುಗಳಿವೆ. ಕುದುರೆಯ ಮೇಲೆ ಕುಳಿತ ಮಾರ್ಕ್ ಕಬ್ಬನ್ನನ ಬೆನ್ನಿಗೆ ಅಠಾರಾ ಕಚೇರಿಯ ಕೆಂಪು ಗೋಡೆ ಕಂಡರೆ ಚಿತ್ರ ೨೦೨೦ಕ್ಕಿಂತ ಹಿಂದಿನದು; ಆ ವರ್ಷ ಪ್ರತಿಮೆ ಅಲ್ಲಿಂದ ಎದ್ದು ಉದ್ಯಾನದ ಇನ್ನೊಂದು ಭಾಗಕ್ಕೆ ಹೋಯಿತು. ಅಠಾರಾ ಕಚೇರಿಯ ಎದುರಿನ ನೋಟದಲ್ಲಿ ವಿಧಾನಸೌಧವೇ ಇಲ್ಲದಿದ್ದರೆ ಇನ್ನೂ ಹಿಂದಕ್ಕೆ, ೧೯೫೧ರ ಶಂಕುಸ್ಥಾಪನೆಗೂ ಆಚೆಗೆ ಹೋಗಬೇಕು.

ಒಂದೇ ಶಿಲ್ಪ ಎರಡು ಊರುಗಳಲ್ಲಿ ಇರುವುದೂ ಉಂಟು. ದೇವಿಪ್ರಸಾದ ರಾಯಚೌಧುರಿಯವರ, ಬಂಡೆಯನ್ನು ಸರಿಸುತ್ತಿರುವ ಶ್ರಮಿಕರ ಶಿಲ್ಪ ಮದರಾಸಿನ ಮರೀನಾ ಕಡಲತೀರದಲ್ಲಿದೆ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಆವರಣದಲ್ಲಿಯೂ ಇದೆ. ಬೆವರುವ ತೋಳುಗಳನ್ನು ಎಷ್ಟು ಹೊತ್ತು ನೋಡಿದರೂ ಊರು ತಿಳಿಯದು. ಹಿಂದೆ ಕಡಲಿದೆಯೋ ಹುಲ್ಲುಹಾಸಿದೆಯೋ ಎಂದು ನೋಡಬೇಕು. ಹಾಗೆಯೇ ಬಸವೇಶ್ವರರ ಪ್ರತಿಮೆಯೊಂದರ ಎದುರಿಗೆ ಅಗಲವಾದ ಹೊಳೆ, ಹೊಳೆಯಾಚೆ ಪಾರ್ಲಿಮೆಂಟಿನ ಮೊನಚು ಗೋಪುರಗಳು ಕಂಡರೆ ನಾವು ಕೂಡಲಸಂಗಮದಲ್ಲಿಲ್ಲ. ಲಂಡನ್ನಿನ ಥೇಮ್ಸ್ ದಡದಲ್ಲಿದ್ದೇವೆ. ೨೦೧೫ರ ನವೆಂಬರಿನಲ್ಲಿ ಅದರ ಅನಾವರಣವಾಯಿತು.

ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಭಾಗವೆಂದರೆ, ಊರನ್ನು ಮಾತ್ರವಲ್ಲ, ಚಿತ್ರ ತೆಗೆದವನು ಕಾಲೂರಿ ನಿಂತ ಜಾಗವನ್ನೇ ಹುಡುಕುವುದು. ಇದಕ್ಕೆ ನಮ್ಮ ಹಂಪೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ೧೮೫೬ರಲ್ಲಿ ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಮೇಣ ಹಚ್ಚಿದ ಕಾಗದದ ನೆಗೆಟಿವುಗಳನ್ನು ಬಳಸಿ ಹಂಪೆಯ ಚಿತ್ರಗಳನ್ನು ತೆಗೆದ. ಕಾಗದದ ಮೇಲೆ ಬೆಳಕು ಊರಲು ಬಹಳ ಹೊತ್ತು ಬೇಕಾಗುತ್ತಿದ್ದ ಕಾಲ ಅದು. ಚಲಿಸುವ ಮನುಷ್ಯರು ಅದರಲ್ಲಿ ನಿಲ್ಲುತ್ತಿರಲಿಲ್ಲ, ನಿಂತ ಕಲ್ಲು ಮಾತ್ರ ಉಳಿಯುತ್ತಿತ್ತು. ಒಂದೂಕಾಲು ಶತಮಾನ ಕಳೆದ ಮೇಲೆ, ೧೯೮೩ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ನಿಂತು ಅದೇ ನೋಟಗಳನ್ನು ಮತ್ತೆ ಸೆರೆಹಿಡಿದರು.

ಅದೇ ಜಾಗವೆಂದು ತಿಳಿಯುವುದು ಹೇಗೆ? ಉಪಾಯ ಸರಳವಾದದ್ದು, ಮನೆಯ ಕಿಟಕಿಯಲ್ಲೇ ಪರೀಕ್ಷಿಸಬಹುದು. ಕಿಟಕಿಯ ಒಂದು ಸರಳು ದೂರದ ತೆಂಗಿನಮರವನ್ನು ಮರೆಮಾಡುವಂತೆ ನಿಲ್ಲಿ. ಒಂದು ಹೆಜ್ಜೆ ಬಲಕ್ಕೆ ಸರಿದರೆ ಮರ ಸರಳಿನ ಬಲಗಡೆ ಇಣುಕುತ್ತದೆ. ಎಡಕ್ಕೆ ಸರಿದರೆ ಎಡಗಡೆ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು, ಇವೆರಡು ಚಿತ್ರದಲ್ಲಿ ಹೇಗೆ ಕೂಡಿವೆಯೋ ಹಾಗೆಯೇ ಕಣ್ಣಿಗೆ ಕೂಡಬೇಕಾದರೆ ನಾವು ಒಂದು ಗೆರೆಯ ಮೇಲೆ ನಿಂತಿರಬೇಕು. ಇನ್ನೊಂದು ಜೊತೆಯನ್ನು ಹಿಡಿದರೆ ಇನ್ನೊಂದು ಗೆರೆ ದೊರೆಯುತ್ತದೆ. ಎರಡು ಗೆರೆಗಳು ಕೂಡುವ ಬಿಂದುವೇ ಆ ಹಳೆಯ ಛಾಯಾಗ್ರಾಹಕನ ಪಾದದ ಗುರುತು. ಮಂಟಪದ ಕಂಬದ ಅಂಚು ಮತಂಗ ಪರ್ವತದ ನೆತ್ತಿಯನ್ನು ಎಲ್ಲಿ ಮುಟ್ಟಿದೆ ಎಂದು ನೋಡುತ್ತ, ಹಿಂದೆ ಮುಂದೆ ಸರಿಯುತ್ತ, ಕಡೆಗೊಮ್ಮೆ ‘ಇಲ್ಲಿಯೇ’ ಎಂದು ನಿಲ್ಲುವವನ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಏನಾಗುತ್ತದೆಂಬುದನ್ನು ನೀವೇ ಊಹಿಸಿಕೊಳ್ಳಿ. ನೂರಿಪ್ಪತ್ತೇಳು ವರ್ಷಗಳ ಅಂತರದಲ್ಲಿ ಇಬ್ಬರು ಒಂದೇ ಕಲ್ಲಿನ ಮೇಲೆ ನಿಂತಿರುತ್ತಾರೆ.

ಹಾಗೆ ನಿಂತು ನೋಡಿದಾಗ ಏನು ಉಳಿದಿದೆ, ಏನು ಅಳಿದಿದೆ ಎಂಬ ಲೆಕ್ಕ ಸಿಗುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥ ನಮಗೆಲ್ಲ ಪರಿಚಿತ; ೨೦೧೭ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಮೇಲೂ ಅದು ಇದೆ. ನಾವು ಕಾಣುವ ರಥಕ್ಕೆ ಮೇಲೆ ಗೋಪುರವಿಲ್ಲ. ಗ್ರೀನ್‌ಲಾ ಕಂಡ ರಥಕ್ಕೆ ಇಟ್ಟಿಗೆಯ ಶಿಖರವಿತ್ತು. ಅದು ಆಮೇಲೆ ಹೋಯಿತು. ಆ ಕಾಗದದ ಚೂರು ಇಲ್ಲದಿದ್ದರೆ, ಅದರ ಸ್ಥಳವನ್ನು ಗುರುತಿಸದೆ ಹೋಗಿದ್ದರೆ, ರಥ ಮೊದಲಿನಿಂದಲೂ ಹೀಗೆ ಬೋಳಾಗಿಯೇ ಇತ್ತೆಂದು ನಾವು ನಂಬಿಬಿಡುತ್ತಿದ್ದೆವು.

ಕಲ್ಲಿನ ರಥವನ್ನು ಯಾರೂ ಕದ್ದೊಯ್ಯಲಾರರು. ಪಂಚಲೋಹದ ಉತ್ಸವಮೂರ್ತಿಯ ಪಾಡು ಹಾಗಲ್ಲ. ಇಲ್ಲಿಗೆ ನಮ್ಮ ಆಟ ಆಟವಾಗಿ ಉಳಿಯುವುದಿಲ್ಲ. ಪುದುಚೇರಿಯ ಫ್ರೆಂಚ್ ಸಂಶೋಧನ ಸಂಸ್ಥೆಯವರು ೧೯೫೬ರಿಂದ ದಕ್ಷಿಣ ಭಾರತದ ಗುಡಿಗಳನ್ನೂ ಅಲ್ಲಿಯ ಮೂರ್ತಿಗಳನ್ನೂ ಊರೂರಿಗೆ ಹೋಗಿ ಚಿತ್ರ ತೆಗೆದು, ಪ್ರತಿ ಚಿತ್ರಕ್ಕೂ ಊರು, ಗುಡಿ, ದಿನಗಳನ್ನು ಬರೆದಿಡುತ್ತ ಬಂದರು. ಅಂಥ ಚಿತ್ರಗಳು ಒಂದು ಲಕ್ಷಕ್ಕೂ ಮಿಕ್ಕಿವೆ. ವಿದ್ವಾಂಸರ ಅಭ್ಯಾಸಕ್ಕೆಂದು ಕೂಡಿಸಿದ ಸಂಗ್ರಹ ಅದು. ತಮಿಳುನಾಡಿನ ಆನಂದಮಂಗಲವೆಂಬ ಹಳ್ಳಿಯ ರಾಜಗೋಪಾಲಸ್ವಾಮಿ ಗುಡಿಯಲ್ಲಿ ವಿಜಯನಗರ ಕಾಲದ ರಾಮ, ಲಕ್ಷ್ಮಣ, ಸೀತೆಯರ ಲೋಹಮೂರ್ತಿಗಳಿದ್ದವು. ೧೯೫೮ರಲ್ಲಿ ಅವುಗಳ ಚಿತ್ರ ತೆಗೆದಿದ್ದರು. ೧೯೭೮ರಲ್ಲಿ ಮೂರ್ತಿಗಳು ಕಳುವಾದವು. ಎಷ್ಟೋ ವರ್ಷಗಳ ಬಳಿಕ ಇಂಗ್ಲೆಂಡಿನಲ್ಲಿ ಅವು ಕಾಣಿಸಿಕೊಂಡಾಗ, ಇವು ಆನಂದಮಂಗಲದವೇ ಎಂದು ಸಾಧಿಸಿಕೊಟ್ಟದ್ದು ಆ ಹಳೆಯ ಚಿತ್ರ. ೨೦೨೦ರಲ್ಲಿ ಮೂವರೂ ಭಾರತಕ್ಕೆ ಮರಳಿದರು. ಹದಿನಾಲ್ಕು ವರ್ಷದ ವನವಾಸವನ್ನು ನಾವು ಬಲ್ಲೆವು. ಇದು ನಲವತ್ತೆರಡು ವರ್ಷದ್ದು.

ಶ್ರೀಪುರಂದಾನ್ ಗುಡಿಯ ಚೋಳರ ಕಾಲದ ನಟರಾಜನ ಕಥೆಯೂ ಇಂಥದೇ. ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಾಲಯ ೨೦೦೮ರಲ್ಲಿ ಐವತ್ತು ಲಕ್ಷ ಡಾಲರು ಕೊಟ್ಟು ಆ ಮೂರ್ತಿಯನ್ನು ಕೊಂಡಿತ್ತು. ಪುದುಚೇರಿಯ ಸಂಗ್ರಹದ ಚಿತ್ರದೊಡನೆ ಹೋಲಿಸಿ ನೋಡಿದಾಗ ಅದರ ಹುಟ್ಟೂರು ತಿಳಿಯಿತು. ೨೦೧೪ರಲ್ಲಿ ನಟರಾಜ ಹಿಂದಿರುಗಿದ. ಈ ಹೋಲಿಕೆ ಅಷ್ಟು ನಂಬಲರ್ಹವಾಗುವುದಕ್ಕೆ ಕಾರಣವಿದೆ. ಈ ಮೂರ್ತಿಗಳನ್ನು ಮೊದಲು ಮೇಣದಲ್ಲಿ ರೂಪಿಸಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಕ್ಕೆ ಹರಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಬಳಿಕ ಅಚ್ಚನ್ನು ಒಡೆಯಲೇಬೇಕು. ಆದುದರಿಂದ ಒಂದರಂತೆ ಇನ್ನೊಂದಿಲ್ಲ. ಪ್ರಭಾವಳಿಯ ಒಂದು ಜ್ವಾಲೆ ಮುರಿದ ಬಗೆ, ಬೆರಳಿನ ತುದಿಯ ಸವೆತ, ಪೀಠದ ಮೇಲಿನ ಒಂದು ಕುಳಿ, ಇವು ಮನುಷ್ಯನ ಹೆಬ್ಬೆರಳ ಗುರುತಿನಷ್ಟೇ ಸಾಕ್ಷಿ ನುಡಿಯುತ್ತವೆ. ಆದರೆ ಈ ಸಾಕ್ಷಿಗೆ ಬೆಲೆ ಬಂದದ್ದು ಯಾವುದರಿಂದ? ಚಿತ್ರದ ಜೊತೆಗೆ ಒಬ್ಬಾತ ಆಲಸ್ಯ ಮಾಡದೆ ಬರೆದಿಟ್ಟ ಊರಿನ ಹೆಸರಿನಿಂದ. ಆ ಹೆಸರು ಇಲ್ಲದಿದ್ದರೆ ಅದೊಂದು ಸುಂದರವಾದ ನಟರಾಜನ ಚಿತ್ರ ಮಾತ್ರವಾಗಿರುತ್ತಿತ್ತು. ನ್ಯಾಯಸ್ಥಾನದಲ್ಲಿ ಸೌಂದರ್ಯ ಸಾಕ್ಷಿಯಾಗುವುದಿಲ್ಲ.

ಈಗಿನ ಕೈಫೋನುಗಳು ಚಿತ್ರದೊಡನೆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಗುಟ್ಟಾಗಿ ಬರೆದಿಡಬಲ್ಲವು. ಚಿತ್ರವನ್ನು ತೋರಿಸಿದರೆ ಊರಿನ ಹೆಸರು ಹೇಳುವ ಯಂತ್ರಗಳೂ ಬಂದಿವೆ. ಆದರೂ ಚಿತ್ರವನ್ನು ಒಬ್ಬರಿಂದೊಬ್ಬರಿಗೆ ಕಳಿಸುವಾಗ ಆ ಗುಟ್ಟಿನ ಬರಹ ಅಳಿಸಿಹೋಗುವುದು ಸಾಮಾನ್ಯ. ಯಂತ್ರವಾದರೂ, ಯಾರೋ ಎಂದೋ ಹೆಸರು ಬರೆದಿಟ್ಟ ಚಿತ್ರಗಳಿಂದಲೇ ಕಲಿಯಬೇಕು. ತಾಜಮಹಲಿನ ಹೆಸರನ್ನು ಅದು ಎಂದೂ ಮರೆಯದು, ಏಕೆಂದರೆ ಅದರ ಚಿತ್ರಗಳಿಗೆ ಲೆಕ್ಕವಿಲ್ಲ. ನಮ್ಮ ಊರಿನ ಕೆರೆಯೇರಿಯ ಮೇಲಿನ ವೀರಗಲ್ಲು, ಅಗಸೆಬಾಗಿಲ ಪಕ್ಕದ ಹನುಮ, ಹಾಳುಗುಡಿಯ ಬಾಗಿಲವಾಡದ ಗಜಲಕ್ಷ್ಮಿ, ಇವುಗಳನ್ನು ಅದು ಯಾರಿಂದ ಕಲಿಯಬೇಕು? ಕಳ್ಳನ ಕಣ್ಣು ಬೀಳುವುದೂ ಹೆಚ್ಚಾಗಿ ಇಂಥ, ಲೆಕ್ಕಕ್ಕೆ ಸಿಕ್ಕದ ಮೂರ್ತಿಗಳ ಮೇಲೆಯೇ.

ಆದುದರಿಂದ ಶ್ರೋತೃಗಳಲ್ಲಿ ನನ್ನದೊಂದು ಸಣ್ಣ ವಿನಂತಿ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಚಿತ್ರಗಳನ್ನು ಒಂದು ಬಿಡುವಿನ ದಿನ ಹೊರಕ್ಕೆ ತೆಗೆಯಿರಿ. ಅಜ್ಜ ಅಜ್ಜಿಯರು ಯಾತ್ರೆಗೆ ಹೋದಾಗ ಯಾವುದೋ ಗುಡಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವಿದ್ದರೆ, ಅವರ ಹಿಂದಿನ ಗುಡಿಯನ್ನೂ ನೋಡಿ. ಹೇಳಬಲ್ಲ ಹಿರಿಯರು ಇನ್ನೂ ಇದ್ದರೆ ಇಂದೇ ಕೇಳಿ. ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಚಿತ್ರದ ಬೆನ್ನಿನ ಅಂಚಿನಲ್ಲಿ ಊರು, ಗುಡಿ, ವರ್ಷ ಇಷ್ಟನ್ನು ಬರೆದಿಡಿ. ನಿಮ್ಮ ಊರಿನ ಮೂರ್ತಿಗಳನ್ನು, ಅರ್ಚಕರ ಹಾಗೂ ಊರ ಹಿರಿಯರ ಒಪ್ಪಿಗೆ ಪಡೆದು, ಮುಂದಿನಿಂದಲೂ ಹಿಂದಿನಿಂದಲೂ ಒಮ್ಮೆ ಚಿತ್ರ ತೆಗೆದಿಡಿ. ಪಕ್ಕದಲ್ಲಿ ಒಂದು ಅಳತೆಯ ಪಟ್ಟಿಯನ್ನು ಇಡಲು ಮರೆಯಬೇಡಿ, ಏಕೆಂದರೆ ಅಳತೆ ಇಲ್ಲದ ಚಿತ್ರದಲ್ಲಿ ಗೇಣುದ್ದದ ಮೂರ್ತಿಯೂ ಆಳೆತ್ತರವಾಗಿ ಕಾಣುತ್ತದೆ.

ಊರು ಯಾವುದೆಂದು ತಿಳಿಯದ ಚಿತ್ರ, ಊರು ಬಿಟ್ಟುಬಂದ ಮೂಕನಂತೆ. ಅವನಿಗೆ ಮನೆಯಿದೆ, ಬಂಧುಗಳಿದ್ದಾರೆ, ಹೇಳಿಕೊಳ್ಳಲು ಬಾಯಿಲ್ಲ. ಅವನ ಬಟ್ಟೆಯ ನೇಯ್ಗೆ, ಕಾಲಿನ ಮಣ್ಣು, ಬಿಸಿಲಿಗೆ ಕಂದಿದ ಬಗೆ, ಇವುಗಳನ್ನು ನೋಡಿ ಮನೆ ಮುಟ್ಟಿಸುವ ಕೆಲಸ ನಮ್ಮದು. ಚಿತ್ರದ ಬೆನ್ನಿನ ಮೇಲೆ ಮೊದಲೇ ಎರಡು ಮಾತು ಬರೆದಿದ್ದರೆ ಮುಂದೆ ಬರುವವರಿಗೆ ಆ ಶ್ರಮವೂ ಉಳಿಯುತ್ತದೆ.